15 ಬಿಟ್‌ನ ಡಬ್ಬಿ ಬೇಡ, ನಾಲ್ಕೇ ಸಾಕು

ನಮ್ಮ ಕ್ಯಾಂಪಸ್ಸಲ್ಲಿ ‘ರೂಟರ್’ ಅಂದ ತಕ್ಷಣ ಎಲ್ಲರ ಕಣ್ಣೂ ಹಾಸ್ಟೆಲ್ ಗೋಡೆ ಮೇಲಿನ ವೈ-ಫೈ ಡಬ್ಬಿ ಕಡೆಗೆ ಹೋಗತ್ತೆ. ನಾವು ಹೇಳಹೊರಟಿರೋದು ಅದರ ವಿಚಾರ ಅಲ್ಲ. ಬಡಗಿಗಳ ಕೈಯಲ್ಲಿ ಗುಂಯ್ ಅನ್ನುತ್ತಾ ಹಲಗೆಯಲ್ಲಿ ಗ್ರೂವ್ ಕೊರೆಯುವ, ಅಂಚು ದುಂಡಗೆ ಮಾಡುವ, ಹೆಚ್ಚಾದ ಮೈಕಾ ಕತ್ತರಿಸುವ ಮಷಿನ್ ಇದೆಯಲ್ಲ, ಆ ರೂಟರ್. ಎಷ್ಟೋ ಬಡಗಿಗಳು ಅದರ ಚಿಕ್ಕ ಮಾದರಿಯನ್ನು ‘ಟ್ರಿಮ್ಮರ್’ ಅಂತಲೇ ಕರೀತಾರೆ. ಅದರ ತುದಿಗೆ ಸಿಕ್ಕಿಸುವ ಹರಿತವಾದ ತುಂಡೇ ಬಿಟ್. ಮಷಿನ್ ಅನ್ನೋದು ಬರೀ ಮೋಟಾರು. ಮರ ಮುಟ್ಟೋದು ಬಿಟ್.

ಈ ಮಷಿನ್ ಈಗ ಒಂದು ಮೊಬೈಲ್‌ಗಿಂತ ಎಷ್ಟೋ ಕಡಿಮೆ ಬೆಲೆಗೆ ಸಿಗುತ್ತದೆ. ಹಾಗಾಗಿ ನಮ್ಮಲ್ಲೂ ರಜೆಗೆ ಊರಿಗೆ ಹೋದಾಗ ಮನೆಯಲ್ಲೇ ಸ್ಟಡಿ ಟೇಬಲ್ಲು, ಸ್ಪೀಕರ್ ಬಾಕ್ಸು, ಲ್ಯಾಪ್‌ಟಾಪ್ ಸ್ಟ್ಯಾಂಡು ಮಾಡಿಕೊಳ್ಳುವವರು ಹೆಚ್ಚಾಗಿದ್ದಾರೆ. ಸಂತೋಷ. ಆದರೆ ಹೆಚ್ಚಿನವರು ಮಷಿನ್ ಜೊತೆ ಮಾಡುವ ಎರಡನೇ ಖರೀದಿ ಒಂದೇ: 15 ಬಿಟ್ ಇರುವ ಚೆಂದದ ಮರದ ಡಬ್ಬಿ. ನಮ್ಮ ಅಭಿಪ್ರಾಯ ಮೊದಲೇ ಹೇಳಿಬಿಡ್ತೀವಿ. ಆ ಡಬ್ಬಿ ಕೊಳ್ಳಬೇಡಿ. ಅದೇ ದುಡ್ಡಿಗೆ, ಇಲ್ಲಾ ಇನ್ನೂ ಸ್ವಲ್ಪ ಹಾಕಿ, ಮಾಡುವ ಕೆಲಸಕ್ಕೆ ತಕ್ಕ ಮೂರು ನಾಲ್ಕು ಒಳ್ಳೆ ಬಿಟ್ ಕೊಳ್ಳಿ. ಅದಕ್ಕೂ ಮುಂಚೆ ನಿಮ್ಮ ಮಷಿನ್ನಿನ ಕಾಲೆಟ್ ಎಷ್ಟು ಮಿಲಿಮೀಟರ್ ಅಂತ ನೋಡಿ.

ಇದನ್ನು ಹೇಳೋಕೆ ನಮಗೆ ಹಕ್ಕು ಬಂದದ್ದು ಒಂದು ಹಾಳಾದ ಪ್ಲೈವುಡ್ ಹಲಗೆಯಿಂದ.

ಆದದ್ದು ಇಷ್ಟು

ಕನ್ನಡ ಸಂಘದ ರೂಮಿನಲ್ಲಿ ಪುಸ್ತಕಗಳು ರಟ್ಟಿನ ಪೆಟ್ಟಿಗೆಯಲ್ಲೇ ಇರೋದನ್ನು ನೀವೂ ನೋಡಿದ್ದೀರಿ. ಕಳೆದ ಸೆಮಿಸ್ಟರ್ ರಜೆಯಲ್ಲಿ ಅದಕ್ಕೊಂದು ಶೆಲ್ಫ್ ನಾವೇ ಮಾಡಿಬಿಡೋಣ ಅಂತ ನಾಲ್ವರು ಹೊರಟೆವು. ನಮ್ಮಲ್ಲೊಬ್ಬನ ಮನೆ ಹಿಂದಿನ ಶೆಡ್ಡು, 18 ಎಂಎಂ ಪ್ಲೈವುಡ್, ಚಿಕ್ಕ ರೂಟರ್, ಆನ್‌ಲೈನಲ್ಲಿ ತರಿಸಿದ 15ರ ಡಬ್ಬಿ. ಪಕ್ಕದ ಹಲಗೆಗಳಲ್ಲಿ 6 ಎಂಎಂ ಆಳದ ಗ್ರೂವ್ ತೆಗೆದು, ಅದರೊಳಗೆ ಅಡ್ಡ ಹಲಗೆ ಕೂರಿಸೋದು ಪ್ಲಾನು.

ಮೊದಲ ಗ್ರೂವ್ ಶುರುವಾದಾಗ 6 ಎಂಎಂ ಆಳವೇ ಇತ್ತು. ಮುಗಿಯುವಷ್ಟರಲ್ಲಿ 11 ಎಂಎಂ ಆಗಿತ್ತು. ಯಾರೂ ಮಷಿನ್ ಒತ್ತಿರಲಿಲ್ಲ. ಬಿಟ್ ತಾನೇ ಕಾಲೆಟ್ಟಿನಿಂದ ಮೆಲ್ಲಗೆ ಕೆಳಗೆ ಜಾರುತ್ತಾ ಬಂದಿತ್ತು. ಇನ್ನೊಂದು ಗೇಣು ಮುಂದೆ ಹೋಗಿದ್ದರೆ ಪೂರ್ತಿ ಕಳಚಿ ಹಾರುತ್ತಿತ್ತೇನೋ. ಆ ಬಿಟ್ಟಿನ ವ್ಯಾಸ 12 ಎಂಎಂ, ಮಷಿನ್ನಿನ ವೇಗ ನಿಮಿಷಕ್ಕೆ 30,000 ಸುತ್ತು. ಆಮೇಲೆ ಕೂತು ಲೆಕ್ಕ ಹಾಕಿದೆವು. ಪೈ ಗುಣಿಸು ಡಿ ಗುಣಿಸು ಎನ್: ಅಂಚಿನ ವೇಗ ಸೆಕೆಂಡಿಗೆ ಸುಮಾರು 19 ಮೀಟರ್, ಅಂದರೆ ಗಂಟೆಗೆ 68 ಕಿಲೋಮೀಟರ್. ಅದರ ಎದುರಿಗೆ ಚಪ್ಪಲಿ ಹಾಕಿಕೊಂಡು, ಕಣ್ಣಿಗೆ ಏನೂ ಇಲ್ಲದೆ ನಾಲ್ವರು ಭಾವಿ ಇಂಜಿನಿಯರುಗಳು ಬಗ್ಗಿ ನೋಡುತ್ತಾ ನಿಂತಿದ್ದೆವು.

ಸದ್ದು ಕೇಳಿ ಪಕ್ಕದ ಮನೆಯ ಆಚಾರ್ರು ಬಂದರು. ಬಿಟ್ ಕೈಗೆ ತಗೊಂಡರು, ಮಷಿನ್ ತಗೊಂಡರು, ಬಿಗಿ ಮಾಡದೆ ಬಿಟ್ಟನ್ನು ಕಾಲೆಟ್ಟಿನೊಳಗೆ ಬಿಟ್ಟು ಬೆರಳಲ್ಲಿ ಅಲ್ಲಾಡಿಸಿದರು.

“ಇದು 6 ಎಂಎಂ ಕಡ್ಡಿ. ಮಷಿನ್ ಕಾಲಿಂಚಿಂದು. ಹೆಂಗಪ್ಪಾ ನಿಲ್ಲತ್ತೆ?”

“ಬಿಗಿಯಾಗೇ ಇತ್ತಲ್ಲ ಆಚಾರ್ರೇ...”

“ಸ್ಪ್ಯಾನರ್ ಹಾಕಿ ತಿರುವಿದ್ರೆ ಯಾವ್ದಾದ್ರೂ ಬಿಗಿ ಆಗತ್ತೆ. ಹಿಡ್ಕೊಂಡಿರೋದು ಬೇರೆ, ಬಿಗಿ ಆಗೋದು ಬೇರೆ.”

ಕಾಲಿಂಚು ಅಂದರೆ 6.35 ಎಂಎಂ. ವ್ಯತ್ಯಾಸ ಬರೀ 0.35 ಎಂಎಂ. ಆದರೆ ಕಾಲೆಟ್ ಅನ್ನೋದು ಡ್ರಿಲ್ ಮಷಿನ್ನಿನ ಚಕ್ ಥರ ಅಲ್ಲ. ಡ್ರಿಲ್ ಚಕ್ 2 ಎಂಎಂ ಕಡ್ಡಿಯನ್ನೂ ಹಿಡಿಯುತ್ತೆ, 10 ಎಂಎಂ ಕಡ್ಡಿಯನ್ನೂ ಹಿಡಿಯುತ್ತೆ. ಕಾಲೆಟ್ ಒಂದೇ ಅಳತೆಗೆ ಮಾಡಿದ್ದು. ಆ ಅಳತೆಯ ಕಡ್ಡಿಯನ್ನು ಸುತ್ತಲೂ ಸಮವಾಗಿ ತಬ್ಬಿ ಹಿಡಿಯುತ್ತೆ. ಸಣ್ಣ ಕಡ್ಡಿ ಹಾಕಿದರೆ ಕೆಲವು ಕಡೆ ಮಾತ್ರ ತಾಗುತ್ತೆ. ನಿಂತಲ್ಲಿ ಬಿಗಿ ಅನ್ನಿಸುತ್ತೆ, ಓಡುವಾಗಿನ ಅದುರಿಗೆ ಜಾರುತ್ತೆ. ಫಿಟ್ಸ್ ಅಂಡ್ ಟಾಲರೆನ್ಸಸ್ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವರು ನಾವು. ಕೊಳ್ಳುವಾಗ ನೋಡಿದ್ದು ಮಾತ್ರ ಎಷ್ಟು ಸ್ಟಾರ್ ಅಂತ.

ಡಬ್ಬಿಯ ಲೆಕ್ಕ

ಸೆಟ್ಟಿನ ಪರವಾಗಿ ಒಂದು ವಾದ ಇದೆ, ನಮ್ಮ ಸೀನಿಯರ್ ಒಬ್ಬರೇ ಹೇಳಿದ್ದು: “ಮೊದಲು ಅಗ್ಗದ ಸೆಟ್ ತಗೊಳ್ರೋ, ಯಾವ್ದು ಜಾಸ್ತಿ ಬಳಸ್ತೀರ ಅಂತ ಗೊತ್ತಾಗತ್ತೆ, ಆಮೇಲೆ ಅದನ್ನ ಒಳ್ಳೇದು ತಗೊಳ್ಳಿ.” ಕೇಳೋಕೆ ಸರಿ ಅನ್ನಿಸುತ್ತೆ. ಒಂದು ಮಟ್ಟಿಗೆ ಸರಿಯೂ ಹೌದು. ಯಾವ ಬಿಟ್ ಎಂಥ ಆಕಾರ ಕೊಡುತ್ತೆ ಅಂತ ಕಣ್ಣಿಗೆ ಕಾಣುತ್ತೆ. ಆದರೂ ನಾವು ಒಪ್ಪಲ್ಲ. ಎರಡು ಕಾರಣ.

ಮೊದಲನೇದು, ಆ ಡಬ್ಬಿಯಲ್ಲಿರುವ ಅರ್ಧದಷ್ಟನ್ನು ನಿಮ್ಮ ಚಿಕ್ಕ ಮಷಿನ್ನಿಗೆ ಹಾಕಲೇಬಾರದು. ದೊಡ್ಡ ವ್ಯಾಸದ ಬಿಟ್ಟಿಗೆ ವೇಗ ಕಡಿಮೆ ಇರಬೇಕು. 25 ಎಂಎಂ ವರೆಗಿನ ಬಿಟ್ಟಿಗೆ ಸುಮಾರು 24,000 ಸುತ್ತು ಮಿತಿ, ಅದರಿಂದ 50 ಎಂಎಂ ವರೆಗೆ 18,000 ಅನ್ನೋದು ಸಾಮಾನ್ಯವಾಗಿ ಪಾಲಿಸುವ ಲೆಕ್ಕ. ನಮ್ಮ ಮಷಿನ್ನಿಗೆ ವೇಗ ಇಳಿಸುವ ಡಯಲ್ಲೇ ಇಲ್ಲ, ಆನ್ ಮಾಡಿದರೆ ನೇರ 30,000. ಆ ವೇಗದಲ್ಲಿ 25 ಎಂಎಂ ಬಿಟ್ಟಿನ ಅಂಚು ಗಂಟೆಗೆ 141 ಕಿಲೋಮೀಟರ್ ಓಡುತ್ತೆ. ಅದನ್ನು ಹಿಡಿದಿರೋದು 6 ಎಂಎಂ ಕಡ್ಡಿ. ಡಬ್ಬಿಯಲ್ಲಿ ಅಲಂಕಾರಕ್ಕೆ ಅಂತ ಕೊಟ್ಟ ದಪ್ಪ ದಪ್ಪ ಬಿಟ್ಟುಗಳು ಡಬ್ಬಿಯಲ್ಲೇ ಇರೋದು ಕ್ಷೇಮ. ಅಂದಮೇಲೆ ಅವಕ್ಕೆ ದುಡ್ಡು ಯಾಕೆ?

ಎರಡನೇದು ಇನ್ನೂ ಮುಖ್ಯ. ಮೊಂಡು ಬಿಟ್ ತಪ್ಪು ಪಾಠ ಕಲಿಸುತ್ತೆ. ಅಂಚು ಸುಟ್ಟು ಕಪ್ಪಾಗುತ್ತೆ, ಪ್ಲೈ ಚಕ್ಕೆ ಏಳುತ್ತೆ, ಕೈ ನಡುಗುತ್ತೆ. ಹೊಸಬರಿಗೆ ಅದು ಬಿಟ್ಟಿನ ತಪ್ಪೋ ತಮ್ಮ ತಪ್ಪೋ ಗೊತ್ತಾಗಲ್ಲ. ಹತ್ತಕ್ಕೆ ಒಂಬತ್ತು ಸಲ ‘ನಂಗಿದು ಬರಲ್ಲ’ ಅಂತಲೇ ಅಂದುಕೊಳ್ತಾರೆ. ಮಷಿನ್ ಅಟ್ಟ ಸೇರುತ್ತೆ. ನಮ್ಮಲ್ಲಿಬ್ಬರು ಆ ದಿನ ಸಂಜೆ ಶೆಲ್ಫ್ ಕೈಬಿಟ್ಟು, ರೆಡಿಮೇಡ್ ತಂದುಬಿಡೋಣ ಅಂದಿದ್ದರು. ಕೈಕೆಲಸ ಕಲಿಯೋಕೆ ಬಂದ ಒಬ್ಬ ಹುಡುಗ ಅಥವಾ ಹುಡುಗಿ ಒಂದು ಕೆಟ್ಟ ಬಿಟ್ಟಿನ ದೆಸೆಯಿಂದ ವಾಪಸ್ ಹೋಗೋದು ದುಡ್ಡು ಹೋಗೋದಕ್ಕಿಂತ ದೊಡ್ಡ ನಷ್ಟ.

ಹಾಗಾದ್ರೆ ಯಾವ ನಾಲ್ಕು?

ಪ್ಲೈವುಡ್, ಎಂಡಿಎಫ್, ಒಂದಿಷ್ಟು ತೇಗ ಅಥವಾ ಹಲಸಿನ ಹಲಗೆ. ಮನೆಯಲ್ಲಿ ನಾವು ಮುಟ್ಟುವ ಸಾಮಾನು ಇಷ್ಟೇ. ಇದಕ್ಕೆ ನಮ್ಮ ಪಟ್ಟಿ ಹೀಗಿದೆ.

ಒಂದು, 6 ಎಂಎಂ ಸ್ಟ್ರೇಟ್ ಬಿಟ್, ಎರಡು ಅಲಗಿನದು. ಗ್ರೂವ್ ತೆಗೆಯೋಕೆ ಇದೇ ಮುಖ್ಯ. 18 ಎಂಎಂ ಹಲಗೆ ಕೂರಿಸೋಕೆ 18 ಎಂಎಂ ಬಿಟ್ಟೇ ಬೇಕಲ್ಲವಾ ಅಂತ ನಾವೂ ಅಂದುಕೊಂಡಿದ್ದೆವು. ಆದರೆ ಅಂಗಡಿಯ 18 ಎಂಎಂ ಪ್ಲೈ ಅಳೆದು ನೋಡಿ, ಎಷ್ಟೋ ಸಲ ಅಷ್ಟಿರಲ್ಲ. 18ರ ಬಿಟ್ಟಿನಲ್ಲಿ ತೆಗೆದ ಗ್ರೂವಿನೊಳಗೆ ಹಲಗೆ ಅಲ್ಲಾಡುತ್ತೆ. 6ರ ಬಿಟ್ಟಿನಲ್ಲಿ ಗೈಡ್ ಪಟ್ಟಿ ಸರಿಸಿಕೊಂಡು ಮೂರು ನಾಲ್ಕು ಸಲ ಓಡಿಸಿದರೆ ಹಲಗೆ ಎಷ್ಟು ದಪ್ಪವೋ ಅಷ್ಟೇ ಅಗಲದ ಗ್ರೂವ್ ಸಿಗುತ್ತೆ. ಸಮಯ ಜಾಸ್ತಿ, ಆದರೆ ಕೂರೋದು ಬಿಗಿ.

ಎರಡು, ಬೇರಿಂಗ್ ಇರುವ ಫ್ಲಶ್ ಟ್ರಿಮ್ ಬಿಟ್. ಬೇರಿಂಗ್ ಹಲಗೆಯ ಅಂಚಿಗೆ ಒರಗಿ ಓಡುತ್ತೆ, ಅಲಗು ಹೊರಗೆ ಚಾಚಿದ ಮೈಕಾವನ್ನು ಅದೇ ಮಟ್ಟಕ್ಕೆ ಕತ್ತರಿಸುತ್ತೆ. ಆಚಾರ್ರ ಪೆಟ್ಟಿಗೆಯಲ್ಲಿ ಹೆಚ್ಚು ಸವೆದಿದ್ದ ಬಿಟ್ ಇದೇ. ಒಂದು ಮಾದರಿ ಹಲಗೆ ನೀಟಾಗಿ ಮಾಡಿಟ್ಟುಕೊಂಡರೆ ಅದೇ ಆಕಾರದ ಹತ್ತು ತುಂಡು ತೆಗೆಯೋಕೂ ಬರುತ್ತೆ. ಒಂದು ಬಿಟ್, ಎರಡು ಕೆಲಸ.

ಮೂರು, ರೌಂಡ್‌ಓವರ್ ಬಿಟ್, 6 ಎಂಎಂ ತ್ರಿಜ್ಯದ್ದು. ಟೇಬಲ್ ಅಂಚು ಮೊಣಕೈಗೆ ಒತ್ತದ ಹಾಗೆ ದುಂಡಗೆ ಮಾಡೋಕೆ. ಬರೀ ಮೈಕಾ ಹಚ್ಚಿದ ಪ್ಲೈ ಕೆಲಸ ಮಾಡೋರಿಗೆ ಇದು ಬೇಡ, ಅಂಚು ದುಂಡಗೆ ಮಾಡಿದರೆ ಪ್ಲೈನ ಪದರ ಎದ್ದು ಕಾಣುತ್ತೆ. ಗಟ್ಟಿ ಮರ ಮುಟ್ಟುವ ದಿನ ಕೊಳ್ಳಿ.

ನಾಲ್ಕು, ವಿ ಬಿಟ್. ಇದು ಕನ್ನಡ ಸಂಘದವರಿಗೆ ವಿಶೇಷವಾಗಿ ಬೇಕಾದದ್ದು. ಯಾಕೆ ಅಂತ ಹೇಳ್ತೀವಿ.

ಶೆಲ್ಫಿನ ಮೇಲ್ಪಟ್ಟಿಯಲ್ಲಿ ‘ಪುಸ್ತಕ’ ಅಂತ ಕೆತ್ತಬೇಕು ಅಂತ ಆಸೆ ಇತ್ತು. ತಿರುಗುವ ಬಿಟ್ ತನ್ನ ತ್ರಿಜ್ಯಕ್ಕಿಂತ ಚಿಕ್ಕ ಒಳಮೂಲೆ ಮಾಡಲಾರದು. 6 ಎಂಎಂ ಬಿಟ್ಟಿನ ಒಳಮೂಲೆ ಯಾವತ್ತೂ 3 ಎಂಎಂ ದುಂಡು. ಇಂಗ್ಲಿಷಿನ ಚೂಪು ಮೂಲೆಯ ದಪ್ಪಕ್ಷರಗಳಿಗೆ ಇದು ತಲೆನೋವು. ನಮ್ಮ ಲಿಪಿಯೇ ದುಂಡಗಿರೋದರಿಂದ ಪ, ಕ ಸಲೀಸಾಗಿ ಬಂದವು. ಖುಷಿಪಟ್ಟೆವು. ಆಮೇಲೆ ಬಂತು ‘ಸ್ತ’. ಕೆಳಗಿನ ಒತ್ತಕ್ಷರದ ಗೆರೆಗಳ ನಡುವಿನ ಜಾಗವೇ 6 ಎಂಎಂ ಇರಲಿಲ್ಲ. ಟ್ರಯಲ್ ಹಲಗೆ ಮೇಲೆ ತವೊತ್ತು ಒಂದು ಗುಂಡಿಯಾಗಿ ಕೂತಿತು. ಓದಿದವರು ‘ಪುಸಕ’ ಅಂತ ಓದಿದರು.

ವಿ ಬಿಟ್ಟಿನಲ್ಲಿ ಗೆರೆಯ ಅಗಲ ಆಳದ ಮೇಲೆ ನಿಂತಿದೆ. 90 ಡಿಗ್ರಿ ಬಿಟ್ಟನ್ನು 3 ಎಂಎಂ ಇಳಿಸಿದರೆ 6 ಎಂಎಂ ಗೆರೆ, 60 ಡಿಗ್ರಿಯದನ್ನು ಅಷ್ಟೇ ಇಳಿಸಿದರೆ ಸುಮಾರು 3.5 ಎಂಎಂ ಗೆರೆ. ಇನ್ನೂ ಮೇಲೆತ್ತಿದರೆ ಇನ್ನೂ ತೆಳು. ದೊಡ್ಡಕ್ಷರ ಆಳವಾಗಿ, ಒತ್ತಕ್ಷರ ಮೇಲುಮೇಲೆ. 60ರ ಒಂದೇ ಬಿಟ್ಟಿನಲ್ಲಿ ‘ಪುಸ್ತಕ’ ಪೂರ್ತಿ ಬಂತು. ನವೆಂಬರ್ 1ಕ್ಕೆ ಪ್ರತಿ ವರ್ಷ ಥರ್ಮಾಕೋಲ್ ಕತ್ತರಿಸಿ ಮಾರನೇ ದಿನ ಕಸಕ್ಕೆ ಹಾಕುವ ಬದಲು ಒಮ್ಮೆ ಮರದಲ್ಲಿ ಕೆತ್ತಿಟ್ಟರೆ ಹೇಗೆ ಅಂತ ಆಗಲೇ ಅನ್ನಿಸಿದ್ದು.

ಈ ನಾಲ್ಕರ ಆಚೆಗೆ ಸ್ಪೈರಲ್, ಕೋವ್, ಡವ್‌ಟೇಲ್ ಅಂತ ಹತ್ತಾರಿವೆ. ಅಂಥ ಕೆಲಸ ಎದುರಿಗೆ ಬಂದ ದಿನ ಆ ಒಂದನ್ನು ಕೊಳ್ಳಿ. ಸ್ಪೈರಲ್ ಕೊಳ್ಳುವವರಿಗೆ ಒಂದೇ ಮಾತು: ಅಪ್‌ಕಟ್ ಪುಡಿಯನ್ನು ಮೇಲಕ್ಕೆ ಎಳೆದು ಹಾಕುತ್ತೆ, ಆದರೆ ಮೇಲಿನ ಅಂಚು ಚಕ್ಕೆ ಏಳಬಹುದು. ಡೌನ್‌ಕಟ್ ಮೇಲಿನ ಅಂಚು ನೀಟಾಗಿ ಇಡುತ್ತೆ, ಆದರೆ ಪುಡಿ ಗ್ರೂವಿನಲ್ಲೇ ತುಂಬಿಕೊಳ್ಳುತ್ತೆ.

ಕೊಳ್ಳುವಾಗ ಏನು ನೋಡಬೇಕು

ಕಡ್ಡಿಯ ಅಳತೆ ಮೊದಲು. ನಿಮ್ಮ ಕಾಲೆಟ್ ಮೇಲೆ ಬರೆದಿರುತ್ತೆ, ಇಲ್ಲದಿದ್ದರೆ ಮಷಿನ್ ಜೊತೆ ಬಂದ ಪುಸ್ತಕದಲ್ಲಿರುತ್ತೆ. 6 ಅಂದರೆ 6, 6.35 ಅಂದರೆ 6.35. ಎರಡೂ ಕಾಲೆಟ್ ಜೊತೆಗೆ ಬರುವ ಮಷಿನ್ನುಗಳಿವೆ, ಅದಲು ಬದಲಾಗದ ಹಾಗೆ ಗುರುತು ಹಾಕಿಕೊಳ್ಳಿ. ಮುಂದೆ ದೊಡ್ಡ ಮಷಿನ್ ಕೊಂಡರೆ ಅರ್ಧ ಇಂಚಿನ ಕಡ್ಡಿಯನ್ನೇ ಹುಡುಕಿ. ಸ್ಟ್ರೆಂತ್ ಆಫ್ ಮೆಟೀರಿಯಲ್ಸ್ ನೆನಪಿದೆಯಾ? ಬಾಗುವಿಕೆ ವ್ಯಾಸದ ನಾಲ್ಕನೇ ಘಾತಕ್ಕೆ ವಿಲೋಮ. ಕಡ್ಡಿಯ ವ್ಯಾಸ ಎರಡರಷ್ಟಾದರೆ ಬಾಗೋದು ಹದಿನಾರರಲ್ಲಿ ಒಂದು ಪಾಲು. ಅದೇ ಸೂತ್ರದಲ್ಲಿ ಉದ್ದ ಮೂರನೇ ಘಾತ. ಹೊರಚಾಚು ಎರಡರಷ್ಟಾದರೆ ಬಾಗೋದು ಎಂಟರಷ್ಟು. ಆದ್ದರಿಂದ ಕೆಲಸಕ್ಕೆ ಸಾಲುವಷ್ಟೇ ಉದ್ದದ ಬಿಟ್ ತಗೊಳ್ಳಿ. ಇರಲಿ ಅಂತ ಉದ್ದದ್ದು ಬೇಡ.

ಆಮೇಲೆ ಲೋಹ. ಹೈಸ್ಪೀಡ್ ಸ್ಟೀಲ್ ಅಗ್ಗ, ಹೊಸದರಲ್ಲಿ ಚೂಪು. ಆದರೆ ಪ್ಲೈವುಡ್ ಅಂದರೆ ಮರ ಮಾತ್ರ ಅಲ್ಲ, ಪದರ ಪದರಕ್ಕೂ ಗಟ್ಟಿಯಾದ ಅಂಟು. ಎಂಡಿಎಫ್ ಪೂರ್ತಿ ಅಂಟು ಬೆರೆತ ನಾರು. ಆ ಅಂಟಿಗೆ ಸ್ಟೀಲ್ ಬೇಗ ಮೊಂಡಾಗುತ್ತೆ. ಕಾರ್ಬೈಡ್ ತುದಿಯ ಬಿಟ್ ತಗೊಳ್ಳಿ. ಅಂಗಡಿಯಲ್ಲಿ ಬೆಳಕಿಗೆ ಹಿಡಿದು, ಕಾರ್ಬೈಡ್ ತುಂಡನ್ನು ಬೆಸೆದ ಗೆರೆ ನೋಡಿ. ಬಿರುಕು, ಖಾಲಿ ಜಾಗ ಇರಬಾರದು. ಎರಡು ಅಲಗೂ ಒಂದೇ ಥರ ಇರಬೇಕು. ಬೇರಿಂಗ್ ಬೆರಳಲ್ಲಿ ತಿರುವಿದರೆ ತಡೆಯಿಲ್ಲದೆ ತಿರುಗಬೇಕು. ಗರಿಷ್ಠ ವೇಗ ಎಷ್ಟು ಅಂತ ಬರೆದಿದ್ದರೆ ಒಳ್ಳೆಯ ಲಕ್ಷಣ. ಇದೆಲ್ಲ ಫೋಟೋದಲ್ಲಿ ಕಾಣಲ್ಲ. ಬೆಂಗಳೂರಿನವರಾದರೆ ಒಂದು ಶನಿವಾರ ಎಸ್‌ಜೆಪಿ ರಸ್ತೆಗೆ ಹೋಗಿ, ಬೇರೆ ಊರಿನವರು ನಿಮ್ಮೂರ ಬಡಗಿಗಳು ಕೊಳ್ಳುವ ಹಾರ್ಡ್‌ವೇರ್ ಅಂಗಡಿಗೇ ಹೋಗಿ. “ಮೈಕಾ ಟ್ರಿಮ್ಮಿಂಗ್ ಬಿಟ್, ಕಾಲಿಂಚು ಶ್ಯಾಂಕ್, ಕಾರ್ಬೈಡು” ಅಂತ ಕೇಳಿದರೆ ಸಾಕು.

ತಂದ ಮೇಲೂ ಬಳಸುವ ರೀತಿ ಇದೆ. ಬಿಟ್ ಹಾಕುವ ಮುಂಚೆ ಪ್ಲಗ್ ಕಿತ್ತಿಡಿ. ಕಡ್ಡಿಯನ್ನು ಪೂರ್ತಿ ಒಳಗೆ ತಳ್ಳಿ, 2-3 ಎಂಎಂ ಹಿಂದೆ ಎಳೆದು ಬಿಗಿ ಮಾಡಿ. ತಳಕ್ಕೆ ತಾಗಿದ್ದರೆ ಕಾಲೆಟ್ ಸರಿಯಾಗಿ ಹಿಡಿಯಲ್ಲ. ಒಂದೇ ಸಲಕ್ಕೆ 6 ಎಂಎಂ ಇಳಿಸಬೇಡಿ, ಚಿಕ್ಕ ಮಷಿನ್ನಿಗೆ ಸಲಕ್ಕೆ 2-3 ಎಂಎಂ ಸಾಕು. ಹೊರ ಅಂಚಿನ ಕೆಲಸದಲ್ಲಿ, ಹಲಗೆ ನಿಮ್ಮ ಎದುರಿಗಿದ್ದರೆ ಮಷಿನ್ ಎಡದಿಂದ ಬಲಕ್ಕೆ ಹೋಗಬೇಕು. ಮಿಲ್ಲಿಂಗಿನಲ್ಲಿ ಅಪ್, ಡೌನ್ ಅಂತ ಚಿತ್ರ ಬರೆದಿದ್ದೀವಲ್ಲ, ಅದೇ ಇದು. ತಿರುಗಿಸಿ ಓಡಿಸಿದರೆ ಬಿಟ್ ಮರವನ್ನು ಕಚ್ಚಿಕೊಂಡು ಮಷಿನ್ನನ್ನೇ ಎಳೆದುಕೊಂಡು ಓಡುತ್ತೆ.

ಇನ್ನೊಂದು ತಪ್ಪು ಕಲ್ಪನೆ: ಹೆದರಿಕೊಂಡು ನಿಧಾನವಾಗಿ ಓಡಿಸಿದರೆ ನೀಟಾಗಿ ಬರುತ್ತೆ ಅನ್ನೋದು. ಎರಡು ಅಲಗಿನ ಬಿಟ್ 30,000 ಸುತ್ತಿನಲ್ಲಿ ನಿಮಿಷಕ್ಕೆ 60,000 ಸಲ ಮರ ಕಚ್ಚುತ್ತೆ. ನಿಮಿಷಕ್ಕೆ 3 ಮೀಟರ್ ಓಡಿಸಿದರೆ ಒಂದು ಕಚ್ಚಿಗೆ 0.05 ಎಂಎಂ ಸಿಪ್ಪೆ. ಅರ್ಧ ಮೀಟರ್ ಓಡಿಸಿದರೆ 0.01 ಎಂಎಂ ಕೂಡ ಇಲ್ಲ. ಆಗ ಅಲಗು ಕತ್ತರಿಸಲ್ಲ, ಉಜ್ಜುತ್ತೆ. ಮರ ಸುಡುತ್ತೆ, ಬಿಟ್ ಕಾದು ಮೊಂಡಾಗುತ್ತೆ. ಆಳ ಕಡಿಮೆ ಇರಲಿ, ಓಟ ಮಾತ್ರ ನಿಲ್ಲಬಾರದು.

ಕನ್ನಡಕ, ಮಾಸ್ಕ್ ಕಡ್ಡಾಯ. ಮರದ ಧೂಳನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿಗೇ ಸೇರಿಸಿದೆ. ‘ಮರ ತಾನೇ’ ಅನ್ನುವ ಹಾಗಿಲ್ಲ.

ಕೊನೆಗೆ ಒಂದು ಕೋರಿಕೆ

ನಾಲ್ಕು ಬಿಟ್ ಸಾಕು ಅಂದೆವು. ನಿಜ ಹೇಳಬೇಕೆಂದರೆ ಒಬ್ಬೊಬ್ಬರೂ ನಾಲ್ಕು ಕೊಳ್ಳಬೇಕಾಗೂ ಇಲ್ಲ. ವರ್ಷಕ್ಕೆ ಎರಡು ದಿನ ಬಳಸುವ ವಿ ಬಿಟ್ ಒಂದಿದ್ದರೆ ಇಡೀ ಹಾಸ್ಟೆಲ್ಲಿಗೆ ಸಾಕು. ಸಂಘದ ರೂಮಿನಲ್ಲಿ ಪುಸ್ತಕ ಎರವಲು ಕೊಡೋಕೆ ಒಂದು ರಿಜಿಸ್ಟರ್ ಇದೆ. ಅದರಲ್ಲೇ ಇನ್ನೊಂದು ಪುಟ ತೆರೆಯೋಣ ಅನ್ನೋದು ನಮ್ಮ ಸಲಹೆ: ಬಿಟ್ಟಿನ ಹೆಸರು, ಕಡ್ಡಿಯ ಅಳತೆ, ತಗೊಂಡವರು, ವಾಪಸ್ ಕೊಟ್ಟಾಗ ಅಂಚು ಹೇಗಿತ್ತು. ಅಳತೆಯ ಕಾಲಂ ತುಂಬದೆ ಯಾರಿಗೂ ಕೊಡೋದು ಬೇಡ. ನಮ್ಮ ಕಡೆಯಿಂದ ನಾಲ್ಕು ಬಿಟ್ಟೂ, 6.35ರ ಒಂದು ಕಾಲೆಟ್ಟೂ ಕೊಡ್ತೀವಿ.

ಶೆಲ್ಫ್ ಈಗ ರೂಮಿನಲ್ಲಿದೆ, ಪೆಟ್ಟಿಗೆಯ ಪುಸ್ತಕಗಳು ಅದರಲ್ಲಿವೆ. 11 ಎಂಎಂ ಗ್ರೂವ್ ಆದ ಹಲಗೆಯನ್ನು ಎಸೆಯಲಿಲ್ಲ. ಅದನ್ನೇ ತಿರುಗಿಸಿ ಹಿಂದಕ್ಕೆ ಹಾಕಿದ್ದೇವೆ. ಬಂದಾಗ ಶೆಲ್ಫಿನ ಹಿಂದೆ ಕೈ ಹಾಕಿ ನೋಡಿ. ಒಂದು ಕಡೆ ಬೆರಳು 6 ಎಂಎಂ ಒಳಗೆ ಹೋಗುತ್ತೆ, ಇನ್ನೊಂದು ಕಡೆ 11. ಆ ಐದು ಮಿಲಿಮೀಟರ್ ನೋಡಿದ ಮೇಲೂ ಡಬ್ಬಿ ಬೇಕು ಅನ್ನೋರಿಗೆ ನಮ್ಮ 15ರ ಡಬ್ಬಿ ಹಾಗೇ ಇದೆ, ಪ್ರದರ್ಶನಕ್ಕೆ ಮಾತ್ರ.